ಅಜ್ಜಿಯ ರಂಗೋಲಿ, ತಾತನ ಕಂಪ್ಯೂಟರ್

ಕಂಪ್ಯೂಟರ್ ಕಟ್ಟೆ



ನಮ್ಮ ಕಟ್ಟೆಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊಬೈಲಿನ ಬಗ್ಗೆಯೇ ಇರುತ್ತವೆ. ಕಳೆದ ತಿಂಗಳು ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಿಂದ ಬಂದ ಪತ್ರ ಮಾತ್ರ ಬೇರೆ ಥರದ್ದು. ಬರೆದವಳು ಎಂಟನೇ ತರಗತಿಯ ಹುಡುಗಿ. ಅವಳ ಪತ್ರದ ಸಾರ ಇಷ್ಟು:

ಅವಳ ತಾತ ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. 1999ರಲ್ಲಿ ಸಾಲ ಮಾಡಿ ಒಂದು ಕಂಪ್ಯೂಟರ್ ಕೊಂಡರು. ಅದರಲ್ಲಿ ವಿಂಡೋಸ್ 98, ಜೊತೆಗೆ ಟರ್ಬೋ ಸಿ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶ. ಅಜ್ಜಿ ದಿನಾ ಬೆಳಿಗ್ಗೆ ಅಂಗಳದಲ್ಲಿ ಹಾಕುತ್ತಿದ್ದ ಚುಕ್ಕಿ ರಂಗೋಲಿಗಳನ್ನು ತಾತ ಗ್ರಾಫ್ ಪುಸ್ತಕಕ್ಕೆ ಇಳಿಸಿಕೊಂಡು, ಒಂದೊಂದನ್ನೂ ಒಂದು ಪ್ರೋಗ್ರಾಂ ಮಾಡಿದ್ದರು. ಒಟ್ಟು 23 ರಂಗೋಲಿ. ಅಜ್ಜಿ ಹೋಗಿ ಎರಡು ವರ್ಷವಾಯಿತು. ಗ್ರಾಫ್ ಪುಸ್ತಕಕ್ಕೆ ಗೆದ್ದಲು ಹಿಡಿದು ಹಾಳಾಗಿದೆ. ‘ಈ ಸಂಕ್ರಾಂತಿಗೆ ಅಜ್ಜಿಯ ರಂಗೋಲಿಯನ್ನೇ ನಾನು ಹಾಕಬೇಕು. ಆದರೆ ಕಂಪ್ಯೂಟರ್ ಆನ್ ಮಾಡಿದರೆ ಕುಂಯ್ ಅನ್ನುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಏನು ಮಾಡಲಿ?’ ಎಂದು ಕೇಳಿದ್ದಳು.

ನಾನು ಫೋನ್ ಮಾಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ‘ಹೇಗೆ ಕುಂಯ್ ಅನ್ನುತ್ತದಮ್ಮ? ಎಷ್ಟು ಸಲ?’

ಅವಳು ಮತ್ತೆ ಆನ್ ಮಾಡಿ ಕಿವಿಗೊಟ್ಟು ಎಣಿಸಿದಳು. ಒಂದು ಉದ್ದ, ಎರಡು ಗಿಡ್ಡ.

ಇದು ಕಂಪ್ಯೂಟರಿನ ಅಳು. ಪರದೆಯ ಮೇಲೆ ಬರೆದು ಹೇಳಲು ಆಗದಿದ್ದಾಗ ಅದು ಸದ್ದು ಮಾಡಿ ಹೇಳುತ್ತದೆ. ಆ ಕಾಲದ ಹಲವು ಕಂಪ್ಯೂಟರುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಸದ್ದು ಬಂದರೆ ‘ನನ್ನ ಗ್ರಾಫಿಕ್ಸ್ ಕಾರ್ಡ್ ಸರಿಯಿಲ್ಲ’ ಎಂದು ಅರ್ಥ. ಅಂದರೆ ಹಾರ್ಡ್ ಡಿಸ್ಕ್ ಚೆನ್ನಾಗಿರಬಹುದು, ರಂಗೋಲಿಗಳು ಒಳಗೇ ಇರಬಹುದು, ಅದನ್ನು ತೋರಿಸುವ ಕಣ್ಣು ಮಾತ್ರ ಹೋಗಿದೆ.

ಇಷ್ಟು ಹೊತ್ತಿಗೆ ತಾತ ಆ ಡಬ್ಬವನ್ನು ಚಿಕ್ಕಬಳ್ಳಾಪುರದ ಒಂದು ಅಂಗಡಿಗೂ ಹೊತ್ತುಕೊಂಡು ಹೋಗಿ ಬಂದಿದ್ದರಂತೆ. ಅಂಗಡಿಯ ಹುಡುಗ ನೋಡಿ, ‘ಇದು ತುಂಬಾ ಹಳೇದು ಸಾರ್. ಬೇರೆ ಬೋರ್ಡ್ ಹಾಕಿ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ, ಹೊಸದರ ಥರ ಆಗತ್ತೆ’ ಎಂದನಂತೆ. ತಾತ ಡಬ್ಬ ಎತ್ತಿಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಬಂದರಂತೆ. ಒಳ್ಳೆಯದೇ ಆಯಿತು. ಫಾರ್ಮ್ಯಾಟ್ ಎಂದರೆ ಹಾರ್ಡ್ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಅಳಿಸಿ ಅಂಗಳ ಸಾರಿಸುವುದು. ಅಂಗಳ ಚೊಕ್ಕಟವಾಗುತ್ತದೆ, ರಂಗೋಲಿ ಉಳಿಯುವುದಿಲ್ಲ.

ಹಾಗಾಗಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವ ಎಲ್ಲರೂ ಮೊದಲು ಈ ಒಂದು ಮಾತು ನೆನಪಿಡಬೇಕು. ರಿಪೇರಿಗೆ ಕೊಡುವ ಮೊದಲೇ ಒಳಗಿರುವುದನ್ನು ನಕಲು ಮಾಡಿಸಿಕೊಳ್ಳಿ. ಕಾರ್ಡ್ ಹೋದರೆ ಇನ್ನೊಂದು ಸಿಗುತ್ತದೆ. ಬರೆದದ್ದು ಹೋದರೆ ಸಿಗುವುದಿಲ್ಲ.

ಕಾರ್ಡ್ ಹುಡುಕಾಟ

ಒಂದು ಭಾನುವಾರ ನಾನೇ ಚಿಕ್ಕಬಳ್ಳಾಪುರದಲ್ಲಿ ರೈಲು ಹತ್ತಿ ಶಿಡ್ಲಘಟ್ಟದಲ್ಲಿ ಇಳಿದೆ. ತಾತ ಸ್ಟೇಷನ್ನಿಗೆ ಬಂದಿದ್ದರು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ. ಮನೆಯ ಪಕ್ಕದಲ್ಲೇ ಹುಳು ಮನೆ. ಕಂಪ್ಯೂಟರ್ ಮಾತ್ರ ನಡುಮನೆಯಲ್ಲಿ, ಅಜ್ಜಿಯ ಹಳೆಯ ಸೀರೆಯ ತುಂಡಿನಿಂದ ಮಾಡಿದ ಹೊದಿಕೆಯ ಕೆಳಗೆ ಕೂತಿತ್ತು.

ಪ್ಲಗ್ ಕಿತ್ತು, ಕಬ್ಬಿಣದ ಡಬ್ಬವನ್ನು ಕೈಯಿಂದ ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಹೊರಗೆ ತೆಗೆದೆವು. (ಮಕ್ಕಳೇ, ಈ ಕೆಲಸ ದೊಡ್ಡವರ ಜೊತೆ ಮಾತ್ರ. ದಪ್ಪ ಬೆನ್ನಿನ ಹಳೆಯ ಮಾನಿಟರನ್ನಂತೂ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.) ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಧೂಳು ಊದಿ, ಮತ್ತೆ ಕೂರಿಸಿದೆವು. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಇಲ್ಲಿ ಹೋಗಲಿಲ್ಲ. ಕಾರ್ಡಿನ ಮೇಲಿದ್ದ ಪುಟ್ಟ ಡಬ್ಬಿಯಂಥ ಕೆಪಾಸಿಟರುಗಳಲ್ಲಿ ಮೂರು, ಪೂರಿಯಂತೆ ಉಬ್ಬಿ ತಲೆ ಒಡೆದಿದ್ದವು.

ಬೇರೆ ಕಾರ್ಡ್ ಬೇಕಾಯಿತು. ಗೌರಿಬಿದನೂರಿನಲ್ಲಿ ತಾತನ ಷಡ್ಡಕರು ಹಿಂದೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದರಂತೆ, ಈಗ ಮುಚ್ಚಿದ್ದಾರೆ. ಅವರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಕಾರ್ಡ್ ಸಿಕ್ಕವು. ಮೂರೂ ನೋಡಲು ಒಂದೇ ಥರ. ಮುಂದಿನ ವಾರ ತಾತ ಅವನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು.

‘ಯಾವುದು ಹಾಕೋಣ ತಾತ?’

‘ಯಾವುದು ಹಿಡಿಸುತ್ತೋ ಅದು ಕಣಮ್ಮ’ ಎಂದರು ತಾತ.

‘ಹಿಡಿಸುತ್ತೆ’ ಎನ್ನುವ ಮಾತೇ ಇಲ್ಲಿ ಮುಖ್ಯ. ಇದನ್ನು ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ರೈಲಿನ ಕಥೆಯಿಂದಲೇ ಹೇಳಬಹುದು. ಹಿಂದೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾರಿಯಲ್ಲಿ ಕೋಲಾರಕ್ಕೆ ಓಡುತ್ತಿದ್ದುದು ಸಣ್ಣ ರೈಲು. ಅದರ ಎರಡು ಕಂಬಿಗಳ ನಡುವೆ ಎರಡೂವರೆ ಅಡಿ ಅಂತರ. ಈಗಿರುವ ದೊಡ್ಡ ಕಂಬಿಯ ಅಂತರ ಐದೂವರೆ ಅಡಿ. ಈ ದಾರಿ ಅಗಲವಾಗಿ ಮತ್ತೆ ರೈಲು ಓಡಿದ್ದು 2013ರಲ್ಲಿ. ಊರು ಅದೇ, ದಾರಿ ಅದೇ, ಹತ್ತುವವರೂ ಅವರೇ. ಆದರೆ ಆ ಸಣ್ಣ ಎಂಜಿನನ್ನು ತಂದು ಈ ಕಂಬಿಯ ಮೇಲೆ ಇಟ್ಟರೆ ನಿಲ್ಲುವುದಿಲ್ಲ. ಎಂಜಿನ್ ಕೆಟ್ಟಿದೆ ಅಂತಲ್ಲ, ಕಂಬಿ ಬೇರೆ.

ಗ್ರಾಫಿಕ್ಸ್ ಕಾರ್ಡಿಗೂ ಹೀಗೆ ಕಾಲಕಾಲಕ್ಕೆ ಕಂಬಿ ಬದಲಾಗಿದೆ. ಮೊದಲು ಪಿಸಿಐ ಸ್ಲಾಟ್ ಇತ್ತು. 1997ರಲ್ಲಿ ಎಜಿಪಿ ಬಂತು. 2004ರ ಹೊತ್ತಿಗೆ ಪಿಸಿಐ ಎಕ್ಸ್‌ಪ್ರೆಸ್ ಬಂತು, ಅದೇ ಈಗಲೂ ನಡೆದಿದೆ. ಒಂದರ ಕಾರ್ಡ್ ಇನ್ನೊಂದರ ಸ್ಲಾಟಿಗೆ ಹಿಡಿಸುವುದಿಲ್ಲ. ಎಜಿಪಿ ಒಂದರಲ್ಲೇ 3.3 ವೋಲ್ಟಿನದು, 1.5 ವೋಲ್ಟಿನದು ಎಂದು ಬೇರೆ ಬೇರೆ ಉಂಟು. ತಪ್ಪಿ ಹಾಕಬಾರದೆಂದೇ ಹಲ್ಲಿನ ಸಾಲಿನಲ್ಲಿ ಬೇರೆ ಬೇರೆ ಜಾಗದಲ್ಲಿ ಕಚ್ಚು ಕೊಟ್ಟಿರುತ್ತಾರೆ. ಒತ್ತಿ, ತುರುಕಿ ಕೂರಿಸಿದರೆ ಕಾರ್ಡೂ ಸುಡಬಹುದು, ಬೋರ್ಡೂ ಸುಡಬಹುದು. ಹುಡುಗಿ ಹಳೆಯ ಕಾರ್ಡನ್ನು ಪಕ್ಕದಲ್ಲಿ ಇಟ್ಟುಕೊಂಡು ಕಚ್ಚುಗಳನ್ನು ಹೋಲಿಸಿ ನೋಡಿದಳು. ಒಂದು ಪಿಸಿಐ ಎಕ್ಸ್‌ಪ್ರೆಸ್, ಅದು ಬೇಡ. ಇನ್ನೊಂದರ ಕಚ್ಚು ಬೇರೆ ಕಡೆ. ಮೂರನೆಯದು ಸರಿಯಾಗಿ ಕೂತಿತು.

ಆನ್ ಮಾಡಿದೆವು. ಒಂದೇ ಒಂದು ಗಿಡ್ಡ ಸದ್ದು. ‘ಎಲ್ಲ ಸರಿ’ ಎನ್ನುವ ಸದ್ದು ಅದು. ಪರದೆ ಬೆಳಗಿತು.

ದುಭಾಷಿ ಇಲ್ಲದ ಕಾರ್ಡ್

ಬೆಳಗಿತೇನೋ ಸರಿ, ಚಿತ್ರವೆಲ್ಲ ದಪ್ಪ ದಪ್ಪ, ಬಣ್ಣ ಪೇಲವ. ವಿಂಡೋಸ್ 98 ಆ ಕಾರ್ಡಿನ ಹೆಸರಿನ ಮುಂದೆ ಹಳದಿ ಗುರುತು ಹಾಕಿ ಕೂತಿತ್ತು. ಡ್ರೈವರ್ ಇಲ್ಲ ಎಂದು ಅದರ ಅರ್ಥ.

ಡ್ರೈವರ್ ಎಂದರೆ ಏನು? ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ತೆಲುಗೇ ಸಲೀಸು. ಬೆಂಗಳೂರಿನಿಂದ ಬಂದ ನೆಂಟರಿಗೆ ಕನ್ನಡ ಮಾತ್ರ ಗೊತ್ತು. ನಡುವೆ ಮೊಮ್ಮಗಳು ಕೂತು ಇವರದ್ದು ಅವರಿಗೆ, ಅವರದ್ದು ಇವರಿಗೆ ಹೇಳುತ್ತಾಳೆ. ಕಂಪ್ಯೂಟರಿನಲ್ಲಿ ಆ ಮೊಮ್ಮಗಳ ಕೆಲಸ ಮಾಡುವ ಪುಟ್ಟ ತಂತ್ರಾಂಶವೇ ಡ್ರೈವರ್. ವಿಂಡೋಸ್ ಹೇಳಿದ್ದನ್ನು ಕಾರ್ಡಿನ ಭಾಷೆಗೆ ತಿರುಗಿಸುತ್ತದೆ. ಪ್ರತಿ ಕಾರ್ಡಿಗೂ ಪ್ರತಿ ವಿಂಡೋಸಿಗೂ ಬೇರೆ ಬೇರೆ ದುಭಾಷಿ ಬೇಕು. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2006ರ ಜುಲೈನಲ್ಲಿ ನಿಂತಿತು. ಆಮೇಲೆ ಬಂದ ಕಾರ್ಡುಗಳಿಗೆ ಅದರ ಭಾಷೆ ಬಲ್ಲ ದುಭಾಷಿಯನ್ನು ಕಾರ್ಡಿನ ಕಂಪನಿಗಳು ಬರೆಯುವುದನ್ನು ಬಿಟ್ಟವು. ನಮಗೆ ಸಿಕ್ಕ ಕಾರ್ಡಿಗೆ ವಿಂಡೋಸ್ ಎಕ್ಸ್‌ಪಿಯ ಡ್ರೈವರ್ ಇತ್ತು, 98ರದು ಇರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಆ ಡ್ರೈವರಿಗಾಗಿ ಪೂರ್ತಿ ಒಂದು ದಿನ ಹುಡುಕಿದೆ. ಹಳೆಯ ಸಿಡಿಗಳನ್ನೆಲ್ಲ ಹಾಕಿ ನೋಡಿದೆ. ಸಂಜೆ ಹುಡುಗಿ ಬೇಸರದಿಂದ, ‘ಮಾಮ, ಡ್ರೈವರ್ ಇಲ್ಲದಿದ್ದರೆ ರಂಗೋಲಿ ಬರೋದೇ ಇಲ್ವಾ? ಒಂದು ಸಲ ತೆಗೆದು ನೋಡೋಣ’ ಎಂದಳು.

ತೆಗೆದೆವು. ರಂಗೋಲಿ ಬಂತು!

ಯಾಕೆ ಗೊತ್ತೇ? 1987ರಲ್ಲಿ ಐಬಿಎಂ ಕಂಪನಿ ವಿಜಿಎ ಎಂಬ ಪದ್ಧತಿ ತಂದಿತು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿ, 16 ಬಣ್ಣ. ಆಮೇಲೆ ಬಂದ ಕಾರ್ಡುಗಳು ಎಷ್ಟೇ ಜಾಣವಾಗಿದ್ದರೂ ಈ ಹಳೆಯ ಪಾಠವನ್ನು ಬಹುಕಾಲ ಮರೆಯಲಿಲ್ಲ. ಕಾರ್ಡಿನಲ್ಲೇ ಅದು ಅಡಗಿರುತ್ತದೆ, ಅದಕ್ಕೆ ವಿಂಡೋಸಿನ ದುಭಾಷಿ ಬೇಕಿಲ್ಲ. ತಾತನ ಟರ್ಬೋ ಸಿ ಕೇಳುತ್ತಿದ್ದುದು ಇಷ್ಟನ್ನೇ. ಕಾರ್ಡಿಗೆ ಏನೇನು ಬರುತ್ತದೆ ಎಂದು ನಾನು ನೋಡುತ್ತಿದ್ದೆ. ತಾತನ ಪ್ರೋಗ್ರಾಮಿಗೆ ಏನು ಬೇಕು ಎಂದು ಮೊದಲು ಕೇಳಬೇಕಿತ್ತು.

ಕಪ್ಪು ಪರದೆಯ ನಟ್ಟನಡುವೆ ಮೊದಲು ಚುಕ್ಕಿಗಳು ಮೂಡಿದವು. ನಡುಸಾಲಿನಲ್ಲಿ ಏಳು, ಅದರ ಮೇಲೆ ಕೆಳಗೆ ಆರು, ಐದು, ನಾಲ್ಕು, ಹೀಗೆ ಒಂದರವರೆಗೆ. ಆಮೇಲೆ ಗೆರೆಗಳು ಒಂದೊಂದಾಗಿ, ನಿಧಾನವಾಗಿ ಬಂದವು.

‘ಯಾಕೆ ತಾತ ಇಷ್ಟು ನಿಧಾನ? ಕಂಪ್ಯೂಟರ್ ಹಳೇದಾಯ್ತು ಅಂತಲಾ?’

‘ಇಲ್ಲಮ್ಮ. ನಾನೇ ನಿಲ್ಲಿಸಿ ನಿಲ್ಲಿಸಿ ಬರೋ ಹಾಗೆ ಬರೆದಿದ್ದೆ. ನಿಮ್ಮಜ್ಜಿ ಯಾವ ಗೆರೆ ಮೊದಲು ಎಳೀತಿದ್ದಳೋ ಅದೇ ಮೊದಲು ಬರಬೇಕು ಅಂತ.’

ಹುಡುಗಿ ಏನೂ ಮಾತಾಡದೆ ನೋಟ್ ಪುಸ್ತಕ ತಂದು, ಗೆರೆ ಬಂದ ಕ್ರಮದಲ್ಲೇ ಪೆನ್ಸಿಲಿನಿಂದ ಎಳೆಯತೊಡಗಿದಳು. ತಾತ ಎದ್ದು ಹುಳುಗಳಿಗೆ ಸೊಪ್ಪು ಹಾಕಿ ಬರುತ್ತೇನೆಂದು ಹೊರಗೆ ಹೋದರು. ಸೊಪ್ಪು ಹಾಕುವ ಹೊತ್ತು ಅದಾಗಿರಲಿಲ್ಲ.

ಹೊಸ ಲ್ಯಾಪ್‌ಟಾಪಿಗೆ ಸಾಗಣೆ

ಆದರೆ 25 ವರ್ಷದ ಹಾರ್ಡ್ ಡಿಸ್ಕ್ ಎಷ್ಟು ದಿನ ಬದುಕೀತು? ಅದನ್ನು ಹೊರತೆಗೆದು, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಹುಡುಗಿಯ ಅಣ್ಣನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. (ಅಡಾಪ್ಟರ್ ಕೊಳ್ಳುವಾಗ ಅದರ ಜೊತೆ ಬೇರೆ ಪವರ್ ವೈರ್ ಇದೆಯೇ ನೋಡಿ. ಹಳೆಯ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ ಸಾಲದು.) 23 ಕಡತಗಳಲ್ಲಿ 22 ಬಂದವು. ಒಂದನ್ನು ಡಿಸ್ಕ್ ಓದಲೇ ಇಲ್ಲ. ಅದು ‘ತೇರು’ ಎಂಬ ಹೆಸರಿನದು.

ಬಂದ ಕಡತಗಳು ಒಂದೊಂದೂ ಮೂರು ನಾಲ್ಕು ಕಿಲೋಬೈಟ್. ಆದರೆ ಲೆಕ್ಕ ಹಾಕಿ ನೋಡಿ ಮಕ್ಕಳೇ. 640ನ್ನು 480ರಿಂದ ಗುಣಿಸಿದರೆ 3,07,200 ಚುಕ್ಕಿ. 16 ಬಣ್ಣದಲ್ಲಿ ಆ ಚಿತ್ರವನ್ನು ಹಾಗೇ ಉಳಿಸಲು 150 ಕಿಲೋಬೈಟ್ ಬೇಕು. ಮೂರು ನಾಲ್ಕರಲ್ಲಿ ಮುಗಿದದ್ದು ಹೇಗೆ? ತಾತ ಉಳಿಸಿದ್ದು ಚಿತ್ರವನ್ನಲ್ಲ, ಹಾಕುವ ವಿಧಾನವನ್ನು. ಹೋಳಿಗೆಯನ್ನು ಪೋಸ್ಟಿನಲ್ಲಿ ಕಳಿಸುವುದಕ್ಕೂ ಹೋಳಿಗೆ ಮಾಡುವ ವಿಧಾನವನ್ನು ಕಾರ್ಡಿನಲ್ಲಿ ಬರೆದು ಕಳಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಲ್ಯಾಪ್‌ಟಾಪಿನಲ್ಲಿ ಟರ್ಬೋ ಸಿ ತೆರೆಯಲಿಲ್ಲ. ಇದು ನಮ್ಮ ಪಿಯುಸಿ, ಡಿಪ್ಲೊಮಾ ಓದಿದ ಎಷ್ಟೋ ಅಣ್ಣ ಅಕ್ಕಂದಿರಿಗೆ ಗೊತ್ತಿರುವ ಪೇಚು. ಡಾಸ್ ಕಾಲದ ಪ್ರೋಗ್ರಾಮುಗಳು ಗ್ರಾಫಿಕ್ಸ್ ತೋರಿಸಲು ಪೂರ್ತಿ ಪರದೆಯನ್ನೇ ವಶಕ್ಕೆ ಕೇಳುತ್ತವೆ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಲ್ಲಿ ಡ್ರೈವರಿನ ಪದ್ಧತಿಯೇ ಬದಲಾಯಿತು, ಹಾಗೆ ಪರದೆ ಬಿಟ್ಟುಕೊಡುವುದನ್ನು ನಿಲ್ಲಿಸಲಾಯಿತು. ವಿಂಡೋಸ್ 7ರಲ್ಲಿ ‘ಈ ಕಂಪ್ಯೂಟರ್ ಫುಲ್‌ಸ್ಕ್ರೀನ್ ಒಪ್ಪುವುದಿಲ್ಲ’ ಎಂಬ ಅರ್ಥದ ಸಂದೇಶ ಬಂದು ಪ್ರೋಗ್ರಾಂ ಮುಚ್ಚಿಕೊಳ್ಳುತ್ತಿದ್ದುದು ಇದಕ್ಕೇ. ಇನ್ನು 64 ಬಿಟ್‌ನ ವಿಂಡೋಸುಗಳಲ್ಲಿ 16 ಬಿಟ್‌ನ ಹಳೆಯ ಪ್ರೋಗ್ರಾಮುಗಳು ಓಡುವುದೇ ಇಲ್ಲ. ಟರ್ಬೋ ಸಿ 16 ಬಿಟ್‌ನದು. ಇದಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡರೂ ಉಪಯೋಗವಿಲ್ಲ. ದೋಷ ಕಾರ್ಡಿನದಲ್ಲ, ಕಂಬಿಯದು.

ಹಾಗಾದರೆ ಉಪಾಯ? ದೊಡ್ಡ ಬಯಲಿನಲ್ಲೇ ಒಂದಿಷ್ಟು ಸಣ್ಣ ಕಂಬಿ ಹಾಕುವುದು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪುಟಾಣಿ ರೈಲು ಓಡುವುದಿಲ್ಲವೇ, ಹಾಗೆ. ಅದಕ್ಕೆ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದು ಹೊಸ ಕಂಪ್ಯೂಟರಿನ ಒಳಗೆ ಒಂದು ಹಳೆಯ ಕಂಪ್ಯೂಟರಿನ ವೇಷ ಹಾಕಿ ನಿಲ್ಲುತ್ತದೆ. ಹಳೆಯ ಕಾಲದ ಗ್ರಾಫಿಕ್ಸ್ ಕಾರ್ಡಿನ ವೇಷವನ್ನೂ ತಾನೇ ಹಾಕುತ್ತದೆ. ಟರ್ಬೋ ಸಿಗೆ ತಾನು 1990ರಲ್ಲೇ ಇದ್ದೇನೆ ಎಂದು ಅನ್ನಿಸುತ್ತದೆ, ಪಾಪ!

ಡಾಸ್‌ಬಾಕ್ಸ್ ಹಾಕಿದ ಮೇಲೂ ಒಂದು ತೊಡಕು ಬಂತು. ‘ಗ್ರಾಫಿಕ್ಸ್ ಶುರುವಾಗಿಲ್ಲ’ ಎಂಬ ದೂರು. ತಾತ ಕನ್ನಡಕ ಏರಿಸಿಕೊಂಡು ತಮ್ಮ ಪ್ರೋಗ್ರಾಂ ಓದಿದರು. ‘ಸಿ ಡ್ರೈವಿನ ಟಿಸಿ ಫೋಲ್ಡರ್, ಅದರೊಳಗೆ ಬಿಜಿಐ ಫೋಲ್ಡರ್, ಅಲ್ಲಿ ಸಾಮಾನು ಇದೆ ಅಂತ ಬರೆದಿದೀನಿ. ಅಲ್ಲಿ ಇದೆಯಾ?’ ಎಂದರು. ಇರಲಿಲ್ಲ. ಅಣ್ಣ ಅದನ್ನು ಬೇರೆ ಹೆಸರಿನ ಫೋಲ್ಡರಿನ ಒಳಗೆ ಹಾಕಿದ್ದ. ಚಿತ್ರ ಬರೆಯಲು ಟರ್ಬೋ ಸಿಗೆ ಬೇಕಾದ ವಿಜಿಎ ಕಡತ ಬಿಜಿಐ ಫೋಲ್ಡರಿನಲ್ಲೇ ಇರುತ್ತದೆ. ವಿಳಾಸ ತಪ್ಪಿದರೆ ಪೋಸ್ಟ್‌ಮ್ಯಾನ್ ಬಾಗಿಲು ತಟ್ಟಿ ವಾಪಸು ಹೋಗುತ್ತಾನೆ. ಫೋಲ್ಡರನ್ನು ಹಳೆಯ ವಿಳಾಸಕ್ಕೇ ಸರಿಸಿದೆವು. ತಾತನ ಬರವಣಿಗೆಯಲ್ಲಿ ಒಂದಕ್ಷರವನ್ನೂ ತಿದ್ದದೆ ಲ್ಯಾಪ್‌ಟಾಪಿನಲ್ಲಿ 22 ರಂಗೋಲಿಯೂ ಬಂದವು.

ನಿಮ್ಮ ಮನೆಯಲ್ಲೂ ಹಳೆಯ ಕಂಪ್ಯೂಟರ್ ಇದ್ದರೆ

ಮೊದಲು ನಕಲು, ಆಮೇಲೆ ರಿಪೇರಿ. ನಕಲನ್ನು ಎರಡು ಕಡೆ ಇಡಿ.

ಸದ್ದು ಎಣಿಸಿ, ಪರದೆಯ ಮೇಲಿನ ಸಂದೇಶವನ್ನು ಹಾಗೆ ಹಾಗೇ ಬರೆದುಕೊಳ್ಳಿ. ‘ಏನೋ ಬಂತು, ಹೋಯಿತು’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ.

ಕಾರ್ಡ್ ಬದಲಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಸ್ಲಾಟಿಗೆ ಹಿಡಿಸುತ್ತದೆಯೇ? ಈ ವಿಂಡೋಸಿಗೆ ಇದರ ಡ್ರೈವರ್ ಇದೆಯೇ? ನಮ್ಮ ಪ್ರೋಗ್ರಾಮಿಗೆ ನಿಜವಾಗಿ ಬೇಕಾದದ್ದು ಎಷ್ಟು?

ವಿಂಡೋಸ್ 98, ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ. ಅವಕ್ಕೆ ಈಗ ಕಾವಲುಗಾರರಿಲ್ಲ.

ಇನ್ನೊಂದು ಪುಟ್ಟ ಪತ್ರ

ಗೌರಿಬಿದನೂರಿನ ಹಿರಿಯರೊಬ್ಬರು, ತಾವು ಹಿಂದೆ ನುಡಿಯಲ್ಲಿ ಟೈಪ್ ಮಾಡಿದ ಕಥೆಗಳು ಈಗ ತೆರೆದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿ ಕಾಣುತ್ತವೆ ಎಂದು ಬರೆದಿದ್ದಾರೆ. ಗಾಬರಿ ಬೇಡ ಸ್ವಾಮಿ, ಕಥೆ ಕೆಟ್ಟಿಲ್ಲ. ಆಗಿನ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕೆಳಗಿನ ಇಂಗ್ಲಿಷೇ ಕಾಣುತ್ತದೆ. ಅದೇ ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿಕೊಂಡರೆ ಮೊಬೈಲಿನಲ್ಲೂ ಓದಬಹುದು. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿರಬಹುದು.

ಈ ವಾರದ ಕೆಲಸ

ಮಕ್ಕಳಿಗೆ: ನಡುಸಾಲಿನಲ್ಲಿ ಏಳು, ಮೇಲೆ ಕೆಳಗೆ ಒಂದೊಂದೇ ಕಡಿಮೆಯಾಗುತ್ತ ಒಂದರವರೆಗೆ ಚುಕ್ಕಿ ಇಟ್ಟರೆ ಒಟ್ಟು ಎಷ್ಟು ಚುಕ್ಕಿ? ಎಣಿಸದೆ ಹೇಳಬೇಕು. ನಡುಸಾಲು ಒಂಬತ್ತಾದರೆ ಎಷ್ಟು? (ಸುಳಿವು: ಪುಸ್ತಕವನ್ನು ಸ್ವಲ್ಪ ಓರೆ ಮಾಡಿ ನೋಡಿ, ಏಳೇಳರ ಚೌಕ ಕಾಣುತ್ತದೆ.)

ಅಜ್ಜ ಅಜ್ಜಿಯರಿಗೆ: ನಿಮಗೆ ಬರುವ ಒಂದು ರಂಗೋಲಿಯನ್ನು ಮೊಮ್ಮಕ್ಕಳ ಕೈಯಲ್ಲಿ ಹಾಕಿಸಿ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಅವರಿಂದ ನಂಬರು ಹಾಕಿಸಿ ಬರೆಸಿ. ಅದೇ ಒಂದು ಪ್ರೋಗ್ರಾಂ.

ಹೋದ ವಾರ ಶಿಡ್ಲಘಟ್ಟದಿಂದ ಮತ್ತೆ ಫೋನ್ ಬಂದಿತ್ತು. ತಾತನೂ ಮೊಮ್ಮಗಳೂ ಸೇರಿ ಕಳೆದುಹೋದ ತೇರನ್ನು ಹೊಸದಾಗಿ ಬರೆಯುತ್ತಿದ್ದಾರಂತೆ. ಚಕ್ರದವರೆಗೆ ತಾತನಿಗೆ ಸರಿಯಾಗಿ ನೆನಪಿದೆ. ಕಳಶದ ಹತ್ತಿರ ಗೆರೆ ಹೇಗೆ ತಿರುಗುತ್ತಿತ್ತು ಎಂಬುದು ಮರೆತಿದೆ. ಚಿಂತಾಮಣಿಯಲ್ಲಿರುವ ಅಜ್ಜಿಯ ತಂಗಿಗೆ ಗೊತ್ತಿರಬಹುದು ಎಂದು ಈ ಭಾನುವಾರ ಇಬ್ಬರೂ ಅಲ್ಲಿಗೆ ಹೊರಟಿದ್ದಾರೆ, ಗ್ರಾಫ್ ಪುಸ್ತಕ ಹಿಡಿದುಕೊಂಡು.